ಸೀಮೆಯ ಹೆಸರು ಯಾರ ಸೊತ್ತು?

ಒಂದು ಸೀಮೆಯ ಪದಾರ್ಥವು ಪೇಟೆಯಲ್ಲಿ ಹೆಸರುವಾಸಿಯಾದ ಮೇಲೆ ಆ ಹೆಸರಿಗೂ ಬೆಲೆಯುಂಟಾಗುವುದು. ಬೆಲೆಯುಂಟಾದ ವಸ್ತುವಿಗೆ ವ್ಯಾಜ್ಯವೂ ತಪ್ಪದು. ಜಮೀನಿನ ಖಾತೆಯನ್ನು ಜೋಪಾನವಾಗಿ ನೋಡಿಕೊಳ್ಳುವ ಹಿಡುವಳಿದಾರರು ಊರಿನ ಹೆಸರೂ ದಫ್ತರಕ್ಕೇರತಕ್ಕ ಸೊತ್ತೆಂದು ಸಾಮಾನ್ಯವಾಗಿ ಎಣಿಸುವುದಿಲ್ಲ. ಈ ವಿಷಯದಲ್ಲಿ ಚೀನಾ ದೇಶದ ಅನುಭವವು ವಿಚಾರಾರ್ಹವಾದುದು.

ಆ ದೇಶದ ಝೆಜಿಯಾಂಗ್ ಪ್ರಾಂತದಲ್ಲಿ ಜಿನ್‌ಹುವಾ ಎಂಬ ಸೀಮೆಯುಂಟು. ತಲೆಯೂ ಬಾಲದ ಕಡೆಯೂ ಕಪ್ಪಾಗಿ ನಡುಮೈ ಬೆಳ್ಳಗಿರುವ ಹಂದಿಯ ತಳಿಯೊಂದಕ್ಕೆ ಅದು ಪ್ರಸಿದ್ಧವಾಗಿದೆ. ಅದರ ತೊಡೆಯನ್ನು ಚಳಿಗಾಲದಲ್ಲಿ ಉಪ್ಪಿನಲ್ಲಿಟ್ಟು, ಬಿಸಿಲಿಗೊಡ್ಡಿ, ತಿಂಗಳುಗಟ್ಟಲೆ ತೂಗಹಾಕಿ ಹದಮಾಡಿದ ಮಾಂಸಕ್ಕೆ ಜಿನ್‌ಹುವಾ ಹ್ಯಾಮ್ ಎಂದು ಹೆಸರು. ಮಾಂಸದ ಮಾತೆಂದು ಶಾಕಾಹಾರಿಗಳು ಈ ವೃತ್ತಾಂತವನ್ನು ಬದಿಗಿಡಬೇಕಾದುದಿಲ್ಲ. ವೀಳ್ಯದೆಲೆಗೂ ಇದೇ ನ್ಯಾಯ. 1979ರಲ್ಲಿ ಆ ಸೀಮೆಯ ಪುಜಿಯಾಂಗ್ ಎಂಬಲ್ಲಿನ ಆಹಾರ ಕಂಪೆನಿಯು ಈ ಹೆಸರನ್ನು ತನ್ನ ವ್ಯಾಪಾರಮುದ್ರೆಯನ್ನಾಗಿ ರಿಜಿಸ್ಟರು ಮಾಡಿಸಿತು. 1983ರಲ್ಲಿ ಆ ಮುದ್ರೆಯು ಪ್ರಾಂತದ ಆಹಾರ ಕಂಪೆನಿಗೆ ವರ್ಗವಾಯಿತು. ವ್ಯಾಪಾರವೆಲ್ಲವೂ ಸರ್ಕಾರದ ಹಿಡಿತದಲ್ಲಿದ್ದ ಕಾಲದಲ್ಲಿ ಇದರ ಬಾಧಕವು ತೋರಲಿಲ್ಲ. ಬೇರೆ ತಯಾರಕರು ತಲೆಯೆತ್ತಿದ ಮೇಲೆ, ಆ ಸೀಮೆಯಲ್ಲಿಯೇ ಹುಟ್ಟಿ ಅಲ್ಲಿಯೇ ಮಾಂಸವನ್ನು ಹದಮಾಡುವವನು ತನ್ನ ಊರ ಹೆಸರನ್ನು ಬರೆಯುವುದಕ್ಕೆ ಪರರ ಅಪ್ಪಣೆಯನ್ನು ಬೇಡಬೇಕಾಯಿತು.

2001ರಲ್ಲಿ ತಿದ್ದುಪಡಿಯಾದ ಕಾನೂನು, ಸೀಮೆಗೆ ಸೇರದ ಪದಾರ್ಥಕ್ಕೆ ಸೀಮೆಯ ಹೆಸರುಳ್ಳ ಮುದ್ರೆಯನ್ನು ಕೊಡಕೂಡದೆಂದು ವಿಧಿಸಿತು. ಆದರೆ ಮುಂಚೆ ಸದ್ಭಾವದಿಂದ ಪಡೆದವು ಊರ್ಜಿತವೆಂದೂ ಹೇಳಿತು. ಹಳೆಯ ಗಂಟು ಹಾಗೆಯೇ ಉಳಿಯಿತು. 2002ರಲ್ಲಿ ಸರ್ಕಾರದ ಇನ್ನೊಂದು ಇಲಾಖೆಯು ಅದೇ ಹೆಸರಿಗೆ ಮೂಲಸ್ಥಾನದ ರಕ್ಷಣೆಯನ್ನು ದಯಪಾಲಿಸಿತು. ಒಂದೇ ಹೊಲಕ್ಕೆ ಎರಡು ಪಟ್ಟಾ! 2003ರಲ್ಲಿ ಕಂಪೆನಿಯು ಸೀಮೆಯ ತಯಾರಕರ ಮೇಲೂ ಷಾಂಘೈ ನಗರದ ಮಾರಾಟಗಾರರ ಮೇಲೂ ದಾವೆ ಹೂಡಿತು. ಮುದ್ರೆಯು ಕಂಪೆನಿಯದೇ ಆದರೂ, ಮೂಲಸ್ಥಾನವನ್ನು ತಿಳಿಸಲು ಯಥೋಚಿತವಾಗಿ ಹೆಸರನ್ನು ಬಳಸುವವರನ್ನು ತಡೆಯುವ ಅಧಿಕಾರವು ಅದಕ್ಕಿಲ್ಲವೆಂದು 2005ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ತೀರ್ಪು ನ್ಯಾಯವಾದುದೇ ಸರಿ. ಆದರೆ ಅಷ್ಟು ಹೇಳಿಸಿಕೊಳ್ಳುವುದಕ್ಕೆ 26 ವರ್ಷಗಳು ಹಿಡಿದುವು.

ಹೆಸರು ಸೀಮೆಯವರ ಕೈಯಲ್ಲಿಯೇ ಇದ್ದರೆ ಎಲ್ಲವೂ ಸರಿಹೋಗುವುದೆಂದೂ ತಿಳಿಯಬಾರದು. ಷಾನ್‌ಷಿ ಪ್ರಾಂತದ ಟೊಂಗ್‌ಗುವಾನ್ ಎಂಬಲ್ಲಿ ಸುಟ್ಟ ರೊಟ್ಟಿಯೊಳಗೆ ಮಾಂಸವಿಟ್ಟ ತಿಂಡಿಯೊಂದು ಪ್ರಸಿದ್ಧವಾಗಿದೆ. ಅದರ ಸಾಮೂಹಿಕ ಮುದ್ರೆಯನ್ನು ಹೊಂದಿದ ಅಲ್ಲಿನ ಸಂಘವು 2021ರಲ್ಲಿ ದೂರದೂರದ ಊರುಗಳ ಸಣ್ಣ ಅಂಗಡಿಗಳ ಮೇಲೆ ದಾವೆಗಳನ್ನು ಹೂಡಿ, ಹೆಸರು ಬೇಕಾದರೆ ಹಣ ತೆರಬೇಕೆಂದಿತು. ಅದೇ ನವೆಂಬರ್ 26ರಂದು ಚೀನಾದ ಬೌದ್ಧಿಕ ಸ್ವತ್ತಿನ ಇಲಾಖೆಯವರು, ಸೀಮೆಯ ಹೊರಗಿನವರಿಗೆ ಆ ಮುದ್ರೆಯನ್ನು ಕೊಟ್ಟು ಹಣವೆತ್ತುವ ಹಕ್ಕು ಸಂಘಕ್ಕಿಲ್ಲ, ಸೀಮೆಯೊಳಗಿನವರು ಊರ ಹೆಸರನ್ನು ಯಥೋಚಿತವಾಗಿ ಬಳಸುವುದನ್ನು ತಡೆಯುವ ಹಕ್ಕೂ ಇಲ್ಲವೆಂದು ಸ್ಪಷ್ಟಪಡಿಸಿದರು. ಸಂಘವು ಕ್ಷಮೆ ಕೋರಿತು. ಬೆಳೆಯನ್ನು ಕಾಯಲು ಹಾಕಿದ ಬೇಲಿಯು ಸುಂಕದ ಕಟ್ಟೆಯಾಗುವುದು ಇಂತಹ ಕಡೆಗಳಲ್ಲಿಯೇ.

ಭಾರತದ 1999ರ ಭೌಗೋಳಿಕ ಸೂಚಕಗಳ ಶಾಸನವು ಜಿನ್‌ಹುವಾದ ತೊಡಕಿಗೆ ಆರಂಭದಲ್ಲಿಯೇ ಅಡ್ಡಗಟ್ಟೆ ಹಾಕಿರುವುದು. ದಾಖಲಾದ ಸೀಮೆಯ ಹೆಸರನ್ನು ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ, ಒತ್ತೆಯಿಡುವಂತಿಲ್ಲ. ಈ ಒಂದು ನಿಬಂಧನೆಯು ಚೀನಾದ ಏರ್ಪಾಡಿಗಿಂತ ರೈತನಿಗೆ ಹಿತಕರವಾದುದು. ಆದರೆ ನಂಜನಗೂಡಿನ ಬಾಳೆ, ಕೊಡಗಿನ ಕಿತ್ತಳೆ, ಬ್ಯಾಡಗಿ ಮೆಣಸಿನಕಾಯಿ ಮುಂತಾದುವುಗಳ ಹೆಸರು ಚೆನ್ನೈಯ ದಫ್ತರಕ್ಕೇರಿದ ಮಾತ್ರಕ್ಕೆ ಬೆಳೆಗಾರನ ಹೆಸರೂ ಏರಿತೆಂದು ಅರ್ಥವಲ್ಲ. ಅವನು ಅಧಿಕೃತ ಬಳಕೆದಾರನೆಂದು ಪ್ರತ್ಯೇಕವಾಗಿ ಬರೆಯಿಸಿಕೊಳ್ಳತಕ್ಕದ್ದು. ಆ ಸೀಮೆಗಳ ಗ್ರಾಮಮುಖಂಡರು ತಮ್ಮ ಊರಿನಲ್ಲಿ ಎಷ್ಟು ಮಂದಿ ಹಾಗೆ ಬರೆಯಿಸಿಕೊಂಡಿರುವರೆಂಬುದನ್ನು ಮುಂದಿನ ಕೊಯ್ಲಿಗೆ ಮುಂಚೆ ವಿಚಾರಿಸಿ ನೋಡಬಹುದು.