ಲೆಡ್ಜರಿನಲ್ಲಿ ಕಾಣದ ನಷ್ಟ

ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಿಗೆ ಕೀಟಗಳ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ೨೦೦೯ರಲ್ಲಿ ನಾನು ಕೊಯಮತ್ತೂರಿನ ಕಡೆಯ ಶಾಖೆಯೊಂದರಲ್ಲಿ ಬೆಳೆಸಾಲದ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಎಂದೂ ಕಂತು ತಪ್ಪಿಸದ ರೈತರೊಬ್ಬರು ಒಂದು ದಿನ ಬಂದು, ಮಾತಾಡದೆ, ಚೀಲದಿಂದ ಪರಂಗಿ ಕಾಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅಕ್ಕಿಹಿಟ್ಟಿನಲ್ಲಿ ಹೊರಳಿಸಿದಂತೆ ಬೆಳ್ಳಗಿತ್ತು. ಅದೇ ಹಿಟ್ಟು ತಿಗಣೆ.

ಮೆಕ್ಸಿಕೋ, ಮಧ್ಯ ಅಮೆರಿಕದ ಸೀಮೆಯ ಈ ಕೀಟವು ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡುದು ೨೦೦೮ರಲ್ಲಿ, ಕೊಯಮತ್ತೂರಿನಲ್ಲಿ. (ಪರಂಗಿಯೂ ಆ ಕಡೆಯಿಂದ ಬಂದುದೇ, ಹೆಸರೇ ಹೇಳುತ್ತದೆ. ಗಿಡದ ಶತ್ರು ಶತಮಾನಗಳ ತರುವಾಯ ವಿಳಾಸ ಹುಡುಕಿಕೊಂಡು ಬಂದಿತು.) ಮರಗೆಣಸು, ಹತ್ತಿ, ಹಿಪ್ಪುನೇರಳೆಗಳಿಗೂ ಹಬ್ಬಿ, ಕರ್ನಾಟಕ, ಕೇರಳ, ಮಹಾರಾಷ್ಟ್ರಗಳನ್ನು ಪ್ರವೇಶಿಸಿತು. ಹಿಪ್ಪುನೇರಳೆ ಸೊಪ್ಪು ಕೆಟ್ಟರೆ ರೇಷ್ಮೆಹುಳುವಿಗೆ ಉಪವಾಸ, ಸಾಕಿದವನಿಗೂ ಉಪವಾಸ. ತಿಗಣೆಯ ಮೈಮೇಲಿನ ಮೇಣದ ಹೊದಿಕೆಯನ್ನು ಔಷಧವು ಸುಲಭವಾಗಿ ಭೇದಿಸಲಾರದು. ರೈತರು ಮತ್ತೆ ಮತ್ತೆ ಸಿಂಪಡಿಸಿದರು. ಉಪಕಾರಿ ಕೀಟಗಳು ಸತ್ತವು, ತಿಗಣೆ ಉಳಿಯಿತು.

ನಮ್ಮ ಲೆಕ್ಕಪದ್ಧತಿಯ ವೈಚಿತ್ರ್ಯವನ್ನು ಇಲ್ಲಿ ಗಮನಿಸಬೇಕು. ರೈತನು ಕೊಂಡ ಕೀಟನಾಶಕವು ಅಂಗಡಿಯವನಿಗೆ ಮಾರಾಟ. ಅದಕ್ಕಾಗಿ ಮಾಡಿದ ಕೈಸಾಲವು ಲೇವಾದೇವಿಗಾರನಿಗೆ ಬಡ್ಡಿ. ಸಿಂಪಡಿಸಿದವನು ತಲೆಸುತ್ತಿ ಬಿದ್ದರೆ ವೈದ್ಯರಿಗೆ ಶುಲ್ಕ. ಎಲ್ಲವೂ ಯಾರದೋ ಆದಾಯವೇ! ನನ್ನ ಲೆಡ್ಜರಿನಲ್ಲಿ ಉಳಿದುದು 'ಕಂತು ಬಾಕಿ' ಎಂಬ ಎರಡು ಪದ ಮಾತ್ರ. ಕಾರಣ ಬರೆಯಲು ಅಲ್ಲಿ ಅಂಕಣವೇ ಇರಲಿಲ್ಲ.

೨೦೧೦ರಲ್ಲಿ ಬೆಂಗಳೂರಿನ ಕೀಟವಿಜ್ಞಾನಿಗಳು ಪೋರ್ಟೊ ರಿಕೋ ದ್ವೀಪದಿಂದ ಮೂರು ಜಾತಿಯ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿ, ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಹೊಲಗಳಿಗೆ ಬಿಟ್ಟರು. ಕೆಲವೇ ತಿಂಗಳುಗಳಲ್ಲಿ ಪಿಡುಗು ಹತೋಟಿಗೆ ಬಂದಿತು. ಮೊದಲ ವರ್ಷವೊಂದರ ಲಾಭವೇ ಸುಮಾರು ೧೨ರಿಂದ ೩೧ ಕೋಟಿ ಡಾಲರ್ ಎಂದು ೨೦೧೪ರಲ್ಲಿ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ಇಂತಹ ಪ್ರತಿಫಲ ನೀಡುವ ಹೂಡಿಕೆಯನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿಲ್ಲ.

ಆದರೆ ಎಲ್ಲ ಆಗಂತುಕ ಕೀಟಗಳಿಗೂ ಇಂತಹ ಕಣಜ ಸಿದ್ಧವಿರುವುದಿಲ್ಲ. ಮೆಕ್ಕೆಜೋಳವನ್ನು ಕಬಳಿಸುವ ಫಾಲ್ ಸೈನಿಕ ಹುಳು ೨೦೧೮ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಪತ್ತೆಯಾದ ಮೇಲೆ ದೇಶದ ಉದ್ದಗಲಕ್ಕೂ ಹರಡಿತು. ವಲಸೆ ಕೀಟಗಳಿಂದ ಜಗತ್ತಿಗೆ ವರ್ಷಕ್ಕೆ ಕನಿಷ್ಠ ೭,೦೦೦ ಕೋಟಿ ಡಾಲರ್ ನಷ್ಟವೆಂದೂ, ಆರೋಗ್ಯದ ವೆಚ್ಚ ಬೇರೆ ೬೯೦ ಕೋಟಿ ಡಾಲರ್ ಎಂದೂ ೨೦೧೬ರ ಅಧ್ಯಯನವೊಂದು ಲೆಕ್ಕ ಹಾಕಿತು. ಆರೋಗ್ಯದ ಬಾಬಿನಲ್ಲಿ ಸಿಂಹಪಾಲು ಡೆಂಗೆಯದು. ಅದನ್ನು ಹರಡುವ ಸೊಳ್ಳೆಯೂ ಆಫ್ರಿಕದ ಮೂಲದ್ದೇ.

ಬಂದರು, ವಿಮಾನ ನಿಲ್ದಾಣಗಳಲ್ಲಿ ಸಸ್ಯಗಳ ತಪಾಸಣೆಗೆ ಮಾಡುವ ವೆಚ್ಚವನ್ನು ದಂಡವೆಂದು ಭಾವಿಸುವುದು ತಪ್ಪೆಂದು ನನ್ನ ಅಭಿಪ್ರಾಯ. ಬಾರದ ಕೀಟದಿಂದ ಉಳಿದ ಹಣವನ್ನು ಯಾವ ಆಡಿಟರೂ ತೋರಿಸಲಾರನು. ಆದರೆ ಉಗ್ರಾಣದ ಬೆಂಕಿವಿಮೆಯ ಕಂತನ್ನು ನಾವು ಗೊಣಗದೆ ಕಟ್ಟುತ್ತೇವಲ್ಲವೆ? ನಮ್ಮ ಸಂಘದಲ್ಲಿ ವಿದೇಶದ ಬಂಧುಗಳಲ್ಲಿಗೆ ಹೋಗಿಬರುವವರು ಅನೇಕರಿದ್ದಾರೆ. ಹಿಂದಿರುಗುವಾಗ ಸೂಟ್‌ಕೇಸಿನಲ್ಲಿ ಗುಟ್ಟಾಗಿ ಗುಲಾಬಿ ಕಡ್ಡಿ ತರುವ ಅಭ್ಯಾಸ ನಮ್ಮ ಮನೆಯಲ್ಲಿಯೂ ಇತ್ತು. ಈಗ ನಿಲ್ಲಿಸಿದ್ದೇವೆ, ನನ್ನ ಶ್ರೀಮತಿಯವರಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.