ರಿಟೈರ್ ಆಗಿ ಪರದೇಶಕ್ಕೆ? ಮೊದಲು ಹೆಂಡತಿಯ ಹೆಸರು ಸರಿ ಮಾಡಿಸಿ!

ಮೊನ್ನೆ ಭಾನುವಾರ ಬೆಳಿಗ್ಗೆ ಕಲ್ಯಾಣದಿಂದ ಮಿತ್ರರೊಬ್ಬರು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ನನ್ನ ಹಾಗೇ ಬ್ಯಾಂಕಿನವರು, ನನಗಿಂತ ಎರಡು ವರ್ಷ ಸೀನಿಯರ್, ಈಗಷ್ಟೇ ರಿಟೈರ್ ಆದವರು. ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರ್. ಚಹಾ ಬರುವ ಮುಂಚೆಯೇ ಅದನ್ನು ಬಿಚ್ಚಿ, "ಮಾರಾಯ್ರೆ, ನಾವಿಬ್ರೂ ಥಾಯ್ಲೆಂಡಿಗೆ ಹೋಗುವ ಅಂತ ಮಾಡಿದ್ದೇವೆ" ಅಂದರು.

"ಎಷ್ಟು ದಿನದ ಟೂರು?" ಅಂತ ಕೇಳಿದೆ.

"ಟೂರಲ್ಲ ಮಾರಾಯ್ರೆ, ಇರ್ಲಿಕ್ಕೇ ಹೋಗುದು. ರಿಟೈರ್ಮೆಂಟ್ ವೀಸಾ!"

ನನ್ನ ಹೆಂಡತಿ ಅಡುಗೆಮನೆಯಿಂದಲೇ ಇಣುಕಿ ನೋಡಿದಳು.

ನಗುವ ವಿಷಯ ಅಲ್ಲ. ಅವರಿಗೆ ಮಕ್ಕಳಿಲ್ಲ. ಕಲ್ಯಾಣದ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಅವರ ಹೆಂಡತಿಗೆ ಮಂಡಿ ನೋವು. ಊರಿನ ಮನೆ ಅಣ್ಣ ತಮ್ಮಂದಿರ ಪಾಲಾಗಿದೆ. ಚಿಯಾಂಗ್ ಮಾಯ್ ಅನ್ನುವ ಊರಿನಲ್ಲಿ ಖರ್ಚು ಕಡಿಮೆ, ಆಸ್ಪತ್ರೆ ಚೆನ್ನಾಗಿದೆ ಅಂತ ಯಾರೋ ಹೇಳಿದ್ದಾರೆ. ಫ್ಲ್ಯಾಟಿಗೆ ಗಿರಾಕಿಯೂ ಬಂದಿದ್ದಾನೆ. ಅಡ್ವಾನ್ಸ್ ತಗೊಳ್ಳುವ ಮುಂಚೆ ಒಮ್ಮೆ ನನ್ನ ಹತ್ತಿರ ಲೆಕ್ಕ ನೋಡಿಸೋಣ ಅಂತ ಬಂದಿದ್ದರು.

ಸರಿ, ಇಬ್ಬರೂ ಬ್ಯಾಂಕಿನವರು. ಸಾಲದ ಅರ್ಜಿ ನೋಡುವ ಹಾಗೆ ಕೂತು ಒಂದೊಂದೇ ಷರತ್ತು ಓದಿದೆವು.

ಥಾಯ್ಲೆಂಡಿನ ಈ ವೀಸಾಕ್ಕೆ 'ಓ-ಎ' ಅನ್ನುತ್ತಾರೆ. ವಯಸ್ಸು 50 ದಾಟಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ, ಅಂದರೆ ನಮ್ಮ ಇಪ್ಪತ್ತು ಲಕ್ಷಕ್ಕೂ ಮೇಲೆ. ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಎರಡನ್ನೂ ಸೇರಿಸಿ ತೋರಿಸುವ ದಾರಿಯೂ ಇದೆ. ಪೊಲೀಸರಿಂದ ಕ್ಲಿಯರೆನ್ಸ್ ಸರ್ಟಿಫಿಕೇಟು ಬೇಕು. ನಮ್ಮ ಕಡೆಯವರು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬೇಕು, ಆಮೇಲೆ ಲೋಕಲ್ ಠಾಣೆಯ ವಿಚಾರಣೆ. ಕುಷ್ಠ, ಕ್ಷಯ, ಆನೆಕಾಲು ಇವೆಲ್ಲ ಇಲ್ಲ ಅಂತ ಡಾಕ್ಟರ ಸರ್ಟಿಫಿಕೇಟು. ಆರೋಗ್ಯ ವಿಮೆ 30 ಲಕ್ಷ ಬಾತ್‌ನಷ್ಟು. ಅಲ್ಲಿ ಕೆಲಸ ಮಾಡುವ ಹಾಗಿಲ್ಲ. 90 ದಿನಕ್ಕೊಮ್ಮೆ 'ನಾನು ಇದೇ ವಿಳಾಸದಲ್ಲಿ ಇದ್ದೇನೆ' ಅಂತ ವರದಿ ಒಪ್ಪಿಸಬೇಕು.

ಇಷ್ಟೆಲ್ಲ ಮಾಡಿದರೆ ಸಿಗುವುದೇನು? ಒಂದು ವರ್ಷದ ವಾಸ. ಮುಂದಿನ ವರ್ಷ ಮತ್ತೆ ಠೇವಣಿ ತೋರಿಸಿ, ಮತ್ತೆ ಅರ್ಜಿ ಹಾಕಿ.

"ಇದು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಇದ್ದ ಹಾಗೆ. ಮಾಲೀಕ ಒಬ್ಬ ದೇಶ, ಅಷ್ಟೇ" ಅಂದೆ. ಮುಂಬಯಿಯಲ್ಲಿ ಬಾಡಿಗೆ ಮನೆ ಬದಲಿಸಿ ಬದಲಿಸಿ ಸುಸ್ತಾದ ಪೀಳಿಗೆ ನಮ್ಮದು. ಅವರಿಗೆ ತಕ್ಷಣ ಅರ್ಥವಾಯಿತು.

ಇದು ಬರೀ ಹೆದರಿಸುವ ಮಾತಲ್ಲ. ಮಾಲೀಕ ಮನಸ್ಸು ಬದಲಿಸಿದ ಉದಾಹರಣೆ ಬೇಕಷ್ಟಿವೆ. ಮಲೇಷ್ಯಾ 2002ರಲ್ಲಿ 'ನಮ್ಮ ದೇಶ ನಿಮ್ಮ ಎರಡನೇ ಮನೆ' ಅಂತ ಯೋಜನೆ ತಂದಿತು. 2021ರಲ್ಲಿ ಇದ್ದಕ್ಕಿದ್ದ ಹಾಗೆ ತಿಂಗಳ ಆದಾಯದ ಷರತ್ತನ್ನು 10 ಸಾವಿರ ರಿಂಗಿಟ್‌ನಿಂದ 40 ಸಾವಿರಕ್ಕೆ ಏರಿಸಿತು. 2024ರಿಂದ ಬೆಳ್ಳಿ, ಬಂಗಾರ, ಪ್ಲಾಟಿನಂ ಅಂತ ದರ್ಜೆ ಮಾಡಿ, ಬೆಳ್ಳಿಗೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಮೇಲೆ ಅಲ್ಲೇ ಮನೆ ಕೊಳ್ಳಬೇಕು ಅಂದಿತು. ಆಸ್ಟ್ರೇಲಿಯಾ ತನ್ನ ಹಳೆಯ ರಿಟೈರ್ಮೆಂಟ್ ವೀಸಾವನ್ನು 2005ರಲ್ಲಿ ಹೊಸಬರಿಗೆ ನಿಲ್ಲಿಸಿತು. ಬ್ರಿಟನ್ 2008ರಲ್ಲಿ ನಿಲ್ಲಿಸಿತು. ಅಮೆರಿಕದಲ್ಲಂತೂ ಇಂಥ ವೀಸಾವೇ ಇಲ್ಲ. ಹಾಗಿರುವಾಗ ಕೈಯಲ್ಲಿರುವ ಓನರ್‌ಶಿಪ್ ಫ್ಲ್ಯಾಟ್ ಮಾರಿ ವರ್ಷ ವರ್ಷದ ಪರವಾನಗಿ ನಂಬಿ ಹೋಗುವುದು ಜಾಣತನವೇ? ನನಗಂತೂ ಅಲ್ಲ ಅನ್ನಿಸುತ್ತೆ.

ಆದರೆ ಇವತ್ತು ನಾನು ಬರೆಯಲು ಕೂತದ್ದು ಇದಕ್ಕಲ್ಲ. ಆ ಫೋಲ್ಡರಿನಲ್ಲಿ ಇಲ್ಲದ ಒಂದು ಕಾಗದದ ಬಗ್ಗೆ.

"ಅತ್ತಿಗೆಯ ಕಾಗದ ಎಲ್ಲಿ?" ಅಂತ ಕೇಳಿದೆ. ಎಲ್ಲ ಕಾಗದವೂ ಅವರದ್ದೇ! ಪಿಂಚಣಿ ಆದೇಶ, ಎಫ್‌ಡಿ ರಸೀದಿ, ಫ್ಲ್ಯಾಟಿನ ಶೇರ್ ಸರ್ಟಿಫಿಕೇಟು. ಹೆಂಡತಿಯದ್ದು ಪಾಸ್‌ಪೋರ್ಟಿನ ಜೆರಾಕ್ಸ್ ಒಂದೇ. "ಅವಳು ನನ್ನ ಜೊತೆ ಬರುದಲ್ವಾ, ಅವಳಿಗೆ ಬೇರೆ ಎಂತ ಬೇಕು?" ಅಂದರು.

ಅವರ ಹೆಂಡತಿ ಗಂಡನ ಆಶ್ರಿತಳಾಗಿ ಹೋಗಬೇಕಾದರೆ ಮದುವೆ ಸರ್ಟಿಫಿಕೇಟು ಬೇಕು. 1992ರಲ್ಲಿ ಕುಂದಾಪುರದ ಹತ್ತಿರ ಅವರ ಮದುವೆಯಾಯಿತು. ನಾನೂ ಹೋಗಿದ್ದೆ. ಕೊಂಕಣ ರೈಲು ಆಗ ಎಲ್ಲಿತ್ತು, ಅದು ಪೂರ್ತಿ ಶುರುವಾದದ್ದು 1998ರಲ್ಲಿ. ರಾತ್ರಿ ಬಸ್ಸಿನಲ್ಲಿ ಬೆನ್ನು ಮುರಿದುಕೊಂಡು ಹೋಗಿ ಮೂರು ಬಗೆ ಪಾಯಸ ಉಂಡು ಬಂದದ್ದು ನೆನಪಿದೆ. ನೋಂದಣಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ಕರ್ನಾಟಕದಲ್ಲಿ 1976ರದ್ದೇ ಕಾನೂನು ಇತ್ತು, ನಮ್ಮೂರಲ್ಲಿ ಯಾರು ಕೇಳುತ್ತಿದ್ದರು? ಎಲ್ಲ ಧರ್ಮದವರ ಮದುವೆಯೂ ನೋಂದಣಿ ಆಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ.

ಇನ್ನು ಹೆಸರಿನ ಕಥೆ. ನಾವು ಕನ್ನಡದವರು ಮಹಾರಾಷ್ಟ್ರಕ್ಕೆ ಬಂದು ಅನ್ನ ಕಂಡೆವು, ಆದರೆ ಹೆಸರಿನಲ್ಲಿ ಎಡವಟ್ಟು ಮಾಡಿಕೊಂಡೆವು. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಮುಂದೆ, ಹೆಸರು ಹಿಂದೆ. ಇಲ್ಲಿ ರೇಷನ್ ಕಾರ್ಡ್ ಮಾಡಿಸಲು ಹೋದರೆ ಮರಾಠಿ ಪದ್ಧತಿ: ತನ್ನ ಹೆಸರು, ಗಂಡನ ಹೆಸರು, ಕೊನೆಗೆ ಆಡನಾವ್. ಅಡ್ಡಹೆಸರೇ ಇಲ್ಲದವರಿಗೆ ಕ್ಲಾರ್ಕ್ ಊರ ಹೆಸರನ್ನೋ ಜಾತಿ ಹೆಸರನ್ನೋ ಜೋಡಿಸಿ ಕಳಿಸುತ್ತಿದ್ದ. ಕೆಲವರ ಮನೆಯಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸಿದ್ದೂ ಉಂಟು. ಪ್ಯಾನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಒಬ್ಬಳೇ ಹೆಂಗಸು, ಕಾಗದದಲ್ಲಿ ನಾಲ್ಕು ಜನ!

ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಮಗಳು ಕೆನಡಾದಲ್ಲಿದ್ದಾಳೆ. ಅಪ್ಪ ಅಮ್ಮನಿಗೆ ಅಲ್ಲಿ 'ಸೂಪರ್ ವೀಸಾ' ಅಂತ 2011ರಿಂದ ಕೊಡುತ್ತಾರೆ. 2022ರ ಜುಲೈಯಿಂದ ಒಮ್ಮೆ ಹೋದರೆ ಐದು ವರ್ಷದ ತನಕ ಇರಬಹುದು. ಅದಕ್ಕೆ ಮಕ್ಕಳ ಆಮಂತ್ರಣ ಪತ್ರ, ಖರ್ಚು ನೋಡಿಕೊಳ್ಳುವ ಭರವಸೆ, ಅವರ ಆದಾಯದ ಪುರಾವೆ, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ, ವೈದ್ಯಕೀಯ ತಪಾಸಣೆ ಬೇಕು. ಥಾಯ್ಲೆಂಡ್ ಅಪ್ಪನ ಠೇವಣಿ ಕೇಳಿದರೆ ಕೆನಡಾ ಮಗಳ ಸಂಬಳ ಕೇಳುತ್ತದೆ. ಮಗಳು ಅವಳ ಅಮ್ಮನೇ ಅಂತ ತೋರಿಸಬೇಕಲ್ಲ? ಮಗಳ ಬರ್ತ್ ಸರ್ಟಿಫಿಕೇಟಿನಲ್ಲಿ ತಾಯಿಯ ಹೆಸರು ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಮೂವತ್ತು ವರ್ಷ ಸಂಸಾರ ಮಾಡಿದವಳು ಕಾಗದದ ಮೇಲೆ ಪರಕೀಯಳು.

ಕಳೆದ ವರ್ಷ ಕೂತು ಸರಿ ಮಾಡಿಸಿದೆ. ಮದುವೆ ನೋಂದಣಿಗೆ ಲಗ್ನಪತ್ರಿಕೆ ಬೇಕು ಅಂದರು. ನಮ್ಮ ಅಮ್ಮ ಟ್ರಂಕಿನಲ್ಲಿ ಒಂದನ್ನು ಅರಿಶಿನ ಹಚ್ಚಿದ ಹಾಗೇ ಇಟ್ಟಿದ್ದಳು, ಪುಣ್ಯಕ್ಕೆ. ಆಫೀಸಿನ ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಕಾಕಾ, ಹೇ ಕುಠಲ್ಯಾ ಭಾಷೇತ ಆಹೇ?" ಅಂತ ಕೇಳಿದಳು. ಕನ್ನಡ ಅಂದೆ. ಅನುವಾದ ಮಾಡಿಸಿ, ನೋಟರಿ ಮಾಡಿಸಿ ತಂದೆ. ಮದುವೆ ಮಾಡಿಸಿದ ಭಟ್ಟರು ತೀರಿಹೋಗಿದ್ದರು, ಅದಕ್ಕೊಂದು ಅಫಿಡವಿಟ್. ಮೂವರು ಸಾಕ್ಷಿಗಳು. ತಡವಾದ್ದಕ್ಕೆ ದಂಡ. ನಾಲ್ಕು ಸಲ ರಜೆ ಹಾಕಿದೆ. ಆ ಹುಡುಗಿ ಕೊನೆಗೆ ಸರ್ಟಿಫಿಕೇಟು ಕೊಡುವಾಗ "ಅಭಿನಂದನ್ ಕಾಕೂ" ಅಂತ ನಕ್ಕಳು. ನನ್ನ ಹೆಂಡತಿ ಮನೆಗೆ ಬಂದು ಅದನ್ನು ದೇವರ ಮುಂದೆ ಇಟ್ಟಳು. "ಇಷ್ಟು ದಿನ ಏನು ನಿದ್ದೆ ಮಾಡ್ತಿದ್ರಾ?" ಅಂತಲೂ ಕೇಳಿದಳು. ಉತ್ತರ ಇರಲಿಲ್ಲ.

ಉತ್ತರ ಇಲ್ಲದಿರುವುದಕ್ಕೆ ನನಗೆ ನಾಚಿಕೆ ಆಗಲು ಕಾರಣ ಇದೆ. ಮೂವತ್ತೈದು ವರ್ಷ ಕೌಂಟರಿನ ಆಚೆ ಕೂತವನು ನಾನು. ಗಂಡ ತೀರಿಕೊಂಡ ಹೆಂಗಸು ಡೆತ್ ಸರ್ಟಿಫಿಕೇಟು ಹಿಡಿದು ಬರುತ್ತಾಳೆ. ಖಾತೆಗೆ ನಾಮಿನಿ ಇರುವುದಿಲ್ಲ. ಇದ್ದರೆ ಹೆಸರು ಆಧಾರ್‌ಗೆ ಹೊಂದುವುದಿಲ್ಲ. 'ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ' ಅಂತ ನಾನೇ ಎಷ್ಟು ಜನರನ್ನು ವಾಪಸ್ ಕಳಿಸಿದ್ದೇನೋ. ನಿಯಮ, ಏನು ಮಾಡುವುದು? ಒಮ್ಮೆ ನಮ್ಮ ಕಡೆಯ ಹೆಂಗಸೊಬ್ಬರು ಮೂರನೇ ಸಲ ಬಂದಾಗ "ಅಣ್ಣಾ, ಅವರು ಇರುವಾಗ ನಾನು ಯಾರು ಅಂತ ಯಾರೂ ಕೇಳ್ಲಿಲ್ಲ, ಹೋದ ಮೇಲೆ ಎಲ್ಲರೂ ಕೇಳ್ತಾರೆ" ಅಂದರು. ಅವರ ಮನೆ ಇದೇ ಡೊಂಬಿವಲಿಯಲ್ಲಿ, ರಿಕ್ಷಾದಲ್ಲಿ ಬಂದು ಹೋಗುವಷ್ಟು ಹತ್ತಿರ. ಅದೇ ಗತಿ ಚಿಯಾಂಗ್ ಮಾಯ್‌ನಲ್ಲಿ ಬಂದರೆ? ಭಾಷೆ ಬಾರದ ಊರು, ಗಂಡನ ಹೆಸರಿನ ಠೇವಣಿ, ಗಂಡನ ಹೆಸರಿನ ವೀಸಾ, ಇಲ್ಲಿ ಮಾರಿದ ಮನೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬ್ಯಾಂಕಿನವರ ಕುಟುಂಬ ಪಿಂಚಣಿಯನ್ನು 2021ರಲ್ಲಿ ಸುಧಾರಿಸಿ ಕೊನೆಯ ಸಂಬಳದ ಶೇ. 30 ಮಾಡಿದರು. ಒಳ್ಳೆಯದೇ ಆಯಿತು. ಆದರೂ ಗಂಡನಿಗೆ ಬರುತ್ತಿದ್ದ ಪಿಂಚಣಿಗಿಂತ ಅದು ಬಹಳ ಕಡಿಮೆ. ಗಂಡನ ಪಿಂಚಣಿ ತೋರಿಸಿ ಪಡೆದ ವೀಸಾ, ಅವನು ಹೋದ ಮೇಲೆ ಹೆಂಡತಿಯ ಪಿಂಚಣಿಗೆ ಸಿಗುವುದಿಲ್ಲ. ಇದನ್ನು ಏಜೆಂಟ್ ಹೇಳುವುದಿಲ್ಲ.

ಹಾಗಂತ ಯಾರೂ ಹೋಗಬೇಡಿ ಅನ್ನುವವನಲ್ಲ ನಾನು. ನಾವೇ ಒಂದು ಟ್ರಂಕು, ಒಂದು ಬಿಕಾಂ ಮಾರ್ಕ್ಸ್ ಕಾರ್ಡು ಹಿಡಿದು ಊರು ಬಿಟ್ಟು ಬಂದವರು. ಅವತ್ತು ಯಾವ ಕಾಗದವೂ ಇಲ್ಲದೆ ಡೊಂಬಿವಲಿ ನಮ್ಮನ್ನು ಒಳಗೆ ಬಿಟ್ಟುಕೊಂಡಿತು. ಇಪ್ಪತ್ತೆರಡರಲ್ಲಿ ಊರು ಬಿಡುವುದಕ್ಕೂ ಅರವತ್ತರಲ್ಲಿ ಬಿಡುವುದಕ್ಕೂ ವ್ಯತ್ಯಾಸ ಇದೆ, ಅಷ್ಟೇ. ಹೋಗುವವರು ಈ ಕೆಲವನ್ನು ಮೊದಲು ಮಾಡಿ:

1. ಮದುವೆ ನೋಂದಣಿ ಮಾಡಿಸಿ. ಲಗ್ನಪತ್ರಿಕೆ, ಮದುವೆಯ ಫೋಟೋ ಹುಡುಕಿ ಇಡಿ. ಸಾಕ್ಷಿಗಳು ಬದುಕಿರುವಾಗಲೇ ಆಗಲಿ.

2. ಇಬ್ಬರ ಹೆಸರೂ ಪಾಸ್‌ಪೋರ್ಟ್, ಆಧಾರ್, ಪ್ಯಾನ್, ಪಾಸ್‌ಬುಕ್ ನಾಲ್ಕರಲ್ಲೂ ಒಂದೇ ಇರಲಿ. ಬೇಕಾದರೆ ಮಹಾರಾಷ್ಟ್ರ ಸರ್ಕಾರದ ಗ್ಯಾಜೆಟ್‌ನಲ್ಲಿ ಹೆಸರು ಬದಲಾವಣೆ ಪ್ರಕಟಿಸಬಹುದು.

3. ಎಲ್ಲ ಖಾತೆ, ಎಫ್‌ಡಿ 'ಐದರ್ ಆರ್ ಸರ್ವೈವರ್' ಮಾಡಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಇಡಬಹುದು.

4. ಹೊರಗೆ ದುಡ್ಡು ಕಳಿಸಲು ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ. ಆದರೆ ಇಂಥ ಠೇವಣಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 20 ಟಿಸಿಎಸ್ ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ಹೊಂದಿಕೆಯಾಗುತ್ತೆ, ಅಲ್ಲಿಯ ತನಕ ದುಡ್ಡು ಸಿಕ್ಕಿಬಿದ್ದಿರುತ್ತೆ.

5. ಅಲ್ಲೇ ನೆಲೆಸುವುದಾದರೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಎನ್‌ಆರ್‌ಐ ಆದವರು ಹೊಸದಾಗಿ ಖಾತೆ ತೆರೆಯುವ ಹಾಗಿಲ್ಲ.

6. ನವೆಂಬರಿನ ಜೀವನ ಪ್ರಮಾಣ ಪತ್ರ ಮರೆಯಬೇಡಿ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು.

7. ಮನೆ ಮಾರಬೇಡಿ. ಮೊದಲು ಎರಡು ತಿಂಗಳು ಹೋಗಿ ಇದ್ದು ಬನ್ನಿ.

ಮಿತ್ರರು ಇದನ್ನೆಲ್ಲ ಫೋಲ್ಡರಿನ ಹಿಂಭಾಗದಲ್ಲಿ ಬರೆದುಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, "ಸಾಕ್ಷಿಗೆ ಮೂರು ಜನ ಅಂದ್ರಲ್ಲ, ನೀವು ನಮ್ಮ ಮದುವೆಗೆ ಬಂದಿದ್ರಿ ಅಲ್ವಾ?" ಅಂದರು. ಬಂದಿದ್ದೆ, ಪಾಯಸ ಕೂಡ ನೆನಪಿದೆ ಅಂದೆ. ಮುಂದಿನ ಬುಧವಾರ ಅರ್ಧ ದಿನ ರಜೆ ಹಾಕಿದ್ದೇನೆ. ಥಾಯ್ಲೆಂಡ್ ಆಗುತ್ತದೋ ಇಲ್ಲವೋ, ಫ್ಲ್ಯಾಟಿನ ಗಿರಾಕಿಗೆ ಸದ್ಯ ಬೇಡ ಅಂದಿದ್ದಾರೆ. ಲಿಫ್ಟ್ ಇರುವ ಬಾಡಿಗೆ ಮನೆ ಕಲ್ಯಾಣದಲ್ಲೇ ನೋಡುತ್ತಿದ್ದಾರಂತೆ.

ಈಗ ನಿಮ್ಮನ್ನು ಕೇಳುತ್ತೇನೆ. ಪರದೇಶದ ಮಾತು ಬಿಡಿ. ನಿಮ್ಮ ಮನೆಯವರ ಹೆಸರು ಎಲ್ಲ ಕಾಗದದಲ್ಲೂ ಒಂದೇ ಇದೆಯಾ? ಇವತ್ತು ಊಟ ಆದ ಮೇಲೆ ಒಮ್ಮೆ ಕಪಾಟು ತೆಗೆದು ನೋಡಿ.