ನಿಮ್ಮೂರ ಗ್ರಾಮಸಭೆ ಯಾವಾಗ, ಗೊತ್ತಾ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಸಂವಿಧಾನದ 73ನೇ ತಿದ್ದುಪಡಿ ಬಾಯಿಪಾಠ. ಜಾರಿಗೆ ಬಂದದ್ದು 1993ರ ಏಪ್ರಿಲ್ 24. 243ಎ ಗ್ರಾಮಸಭೆ, 243ಇ ಐದು ವರ್ಷದ ಅವಧಿ, 243ಕೆ ರಾಜ್ಯ ಚುನಾವಣಾ ಆಯೋಗ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಆದರೆ ನಿಮ್ಮೂರಿನ ಗ್ರಾಮಸಭೆ ಕಳೆದ ಸಲ ಯಾವತ್ತು ನಡೆಯಿತು ಅಂದರೆ? ನಾನು ಓದಲು ಹೋಗುವ ಅರಿವು ಕೇಂದ್ರದಲ್ಲಿ ಪಿಡಿಒ ಪರೀಕ್ಷೆಗೆ ತಯಾರಾಗುತ್ತಿರುವ ಏಳೆಂಟು ಮಂದಿಯನ್ನು ಕೇಳಿ ನೋಡಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಪಂಚಾಯಿತಿ ಕಚೇರಿ ಇರುವುದು ಅದೇ ಕಾಂಪೌಂಡಿನಲ್ಲಿ!

ಈ ಚಳಿಗಾಲದಲ್ಲಿ ಆ ಪ್ರಶ್ನೆಗೆ ಹೆಚ್ಚು ತೂಕವಿದೆ. 2020ರ ಡಿಸೆಂಬರ್ 22 ಮತ್ತು 27ರಂದು ನಾವು ಮತ ಹಾಕಿ ಕಳಿಸಿದ ಗ್ರಾಮ ಪಂಚಾಯಿತಿ ಸದಸ್ಯರ ಐದು ವರ್ಷ ಮುಗಿಯುವ ಕಾಲವಿದು. ಸಮಯಕ್ಕೆ ಚುನಾವಣೆ ಆಗದಿದ್ದರೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. 2020ರಲ್ಲೂ ಹಾಗೇ ಆಯಿತು. 2015ರಲ್ಲಿ ಗೆದ್ದವರ ಅವಧಿ ಮುಗಿದಾಗ ಚುನಾವಣೆ ಮುಂದಕ್ಕೆ ಹೋಗಿ, ಕೆಲವು ತಿಂಗಳು ಅಧಿಕಾರಿಗಳದ್ದೇ ಕಾರುಬಾರು ನಡೆಯಿತು. ಆಗ ಕೋವಿಡ್ ಎಂಬ ಕಾರಣವಾದರೂ ಇತ್ತು.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಕಥೆ ನೋಡಿ. ಕೊನೆಯ ಚುನಾವಣೆ 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಕ್ಷೇತ್ರ ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ಕೋರ್ಟು ಕೇಸು ಎಂದು ವರ್ಷಗಳೇ ಕಳೆದವು. ಇಂಥ ಕಾರಣಕ್ಕೆ ಸ್ಥಳೀಯ ಸಂಸ್ಥೆಗಳ ಚುನಾವಣೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸ್ಪಷ್ಟವಾಗಿಯೇ ಹೇಳಿತು. ಯಾವ ಪಕ್ಷದ ಸರ್ಕಾರ ಬಂದರೂ ಅವಸರ ಮಾತ್ರ ಕಾಣಲಿಲ್ಲ. ಮೂರು ಹಂತದಲ್ಲಿ ಎರಡು ಖಾಲಿ. ಉಳಿದಿರುವುದು ಕೆಳಗಿನ ಒಂದೇ ಮೆಟ್ಟಿಲು, ಅದರ ಅವಧಿಯೂ ಈಗ ಮುಗಿಯುತ್ತಿದೆ.

ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಾಗುವುದೂ ಇದೇ ತಿಂಗಳುಗಳಲ್ಲಿ. 2018ರಿಂದ ಪ್ರತಿ ವರ್ಷ ಅಕ್ಟೋಬರ್ 2ಕ್ಕೆ ಇದರ ಅಭಿಯಾನ ಶುರುವಾಗುತ್ತದೆ. ಯಾವ ಓಣಿಗೆ ಚರಂಡಿ, ಯಾವ ಶಾಲೆಗೆ ಕಾಂಪೌಂಡು, ಬೇಸಿಗೆಗೆ ಮುಂಚೆ ಯಾವ ಕೊಳವೆಬಾವಿಗೆ ಮೋಟಾರು, ಎಲ್ಲವೂ ವಾರ್ಡ್ ಸಭೆಯಿಂದ ಗ್ರಾಮಸಭೆಗೆ ಹೋಗಿ ಪಟ್ಟಿಗೆ ಸೇರಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕಂತೆ ಖರ್ಚು ಮಾಡಬಹುದು, ಸಂಬಳಕ್ಕೆ ಬಳಸುವಂತಿಲ್ಲ. ಊರಿನ ಅಗತ್ಯ ಏನು ಎಂದು ಹೇಳುವವರು ಯಾರು? ಸಭೆಗೆ ಬಂದವರು. ಬಂದವರು ಹದಿನೈದು ಮಂದಿಯಾದರೆ, ಆ ಹದಿನೈದು ಮಂದಿಯ ಓಣಿಯೇ ಊರು.

ಹಾಗಾದರೆ ಜನ ಯಾಕೆ ಬರುವುದಿಲ್ಲ? ‘ಯುವಕರಿಗೆ ಆಸಕ್ತಿಯಿಲ್ಲ’ ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ನಮ್ಮ ಪಂಚಾಯಿತಿಯಲ್ಲಿ ಸಭೆಯ ಸೂಚನಾ ಪತ್ರ ಅಂಟಿಸುವುದು ಕಚೇರಿಯ ಫಲಕಕ್ಕೆ, ಅದೂ ಹಳೆಯ ಟೆಂಡರ್ ಪ್ರಕಟಣೆಗಳ ಪಕ್ಕ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ, ವಾರದ ನಡುವೆ. ರಾಗಿ ಕೊಯ್ಲು, ಒಕ್ಕಣೆಯ ಕಾಲದಲ್ಲಿ ಆ ಹೊತ್ತಿಗೆ ಹಿರಿಯರು ಹೊಲದಲ್ಲಿ ಇಲ್ಲವೇ ಕಣದಲ್ಲಿ, ನಾವು ಕಾಲೇಜಿನಲ್ಲಿ. ಬಾರದವರ ಸಹಿಗಾಗಿ ಆಮೇಲೆ ಪುಸ್ತಕವೇ ಮನೆಗೆ ಬರುವುದೂ ಉಂಟು. ಹಿಂದೆ ಡಂಗುರ ಸಾರುತ್ತಿದ್ದರಂತೆ. ಅಜ್ಜಿಯಂಥ ಓದು ಬಾರದವರಿಗೂ ಸುದ್ದಿ ಮುಟ್ಟುತ್ತಿತ್ತು. ಈಗ ವಾಟ್ಸ್‌ಆ್ಯಪ್ ಗುಂಪು ಇದೆ. ಅದರಲ್ಲಿ ಸದಸ್ಯರ ಹುಟ್ಟುಹಬ್ಬದ ಫ್ಲೆಕ್ಸ್ ತಪ್ಪದೆ ಬರುತ್ತದೆ.

ಪಿಡಿಒ ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ. ನಮೂನೆ 9, 11ರಿಂದ ಹಿಡಿದು ನೀರು ಬಿಡುವವರ ಸಂಬಳದವರೆಗೆ ಎಲ್ಲಕ್ಕೂ ಅವರೇ. ಆದರೆ ಸುದ್ದಿ ಮುಟ್ಟಿಸಲು ಹೊಸದಾಗಿ ಏನೂ ಬೇಕಿಲ್ಲ. ಕಸದ ಗಾಡಿ ಓಣಿ ಓಣಿಗೂ ಬರುತ್ತದೆ, ಮೈಕಿನಲ್ಲಿ ಹಾಡು ಹಾಕಿಕೊಂಡು. ಓಡಿಸುವವರು ಸ್ವಸಹಾಯ ಸಂಘದ ಅಕ್ಕ. ಸಭೆಗೆ ಒಂದು ವಾರ ಇರುವಾಗ ಆ ಹಾಡಿನ ನಡುವೆ ದಿನಾಂಕ, ಜಾಗ, ಏನು ಚರ್ಚೆ ಎಂಬ ಮೂರು ವಾಕ್ಯ ಸೇರಿಸಿದರೆ ಸಾಕು.

ಪಂಚಾಯಿತಿಯ ಅವಧಿ ಮುಗಿದರೆ ಇದೆಲ್ಲ ಯಾಕೆ ಎಂದು ಗೆಳೆಯನೊಬ್ಬ ಕೇಳಿದ. ಪರೀಕ್ಷೆಗೆ ಓದುವಾಗ ನಾವು ಬೇಗ ದಾಟಿಬಿಡುವ ಅಂಶ ಇಲ್ಲೇ ಇದೆ. ಐದು ವರ್ಷದ ಮಿತಿ ಇರುವುದು ಪಂಚಾಯಿತಿಗೆ, ಗ್ರಾಮಸಭೆಗಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲರೂ ಅದರ ಸದಸ್ಯರು. ಅದನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು ಎನ್ನುತ್ತದೆ ರಾಜ್ಯದ ಕಾಯ್ದೆ. ಕುರ್ಚಿಯಲ್ಲಿ ಅಧ್ಯಕ್ಷರ ಬದಲು ಆಡಳಿತಾಧಿಕಾರಿ ಬಂದರೆ ಲೆಕ್ಕ ಕೇಳಲು ಸದಸ್ಯರೇ ಇರುವುದಿಲ್ಲ. ಆಗ ಊರಿನ ಕೈಯಲ್ಲಿ ಉಳಿಯುವುದು ಗ್ರಾಮಸಭೆ ಮಾತ್ರ. ಅಂದಹಾಗೆ, ವಿಧಾನಸಭೆಗೆ ನಿಲ್ಲಲು 25 ವರ್ಷವಾಗಬೇಕು, ಪಂಚಾಯಿತಿಗೆ 21 ಸಾಕು. ಅಂತಿಮ ಪದವಿಯಲ್ಲಿರುವ ಎಷ್ಟೋ ಮಂದಿ ಈಗಲೇ ನಾಮಪತ್ರ ಹಾಕಬಹುದು.

ಬೆಂಗಳೂರು, ಮೈಸೂರಿನ ಹಾಸ್ಟೆಲ್, ಪಿಜಿಗಳಲ್ಲಿರುವ ಬಹಳಷ್ಟು ಜನರ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇದೆ. ಭಾನುವಾರ ಸಭೆ ಇಟ್ಟರೆ ಅವರೂ ಶನಿವಾರದ ಬಸ್ಸಿಗೆ ಬಂದಾರು. ಇದನ್ನೂ ಕಸದ ಗಾಡಿಯ ಮೈಕಿನ ವಿಷಯವನ್ನೂ ಒಂದು ಅರ್ಜಿಯಲ್ಲಿ ಬರೆದು, ಅರಿವು ಕೇಂದ್ರದ ಆರು ಜನ ಸಹಿ ಹಾಕಿ ಪಂಚಾಯಿತಿಗೆ ಕೊಟ್ಟಿದ್ದೇವೆ. ಸ್ವೀಕೃತಿ ಸಿಕ್ಕಿದೆ. ಸಭೆಯ ದಿನಾಂಕ ಇನ್ನೂ ಬಂದಿಲ್ಲ.